ಲೆಕ್ಕಕ್ಕೆ ಸಿಗದ ಗಾಳಿ

ದನದ ಡಾಕ್ಟರ ಮನೆಯಲ್ಲಿ ಒಂದು ಕೆಂಪು ಕಾರಿತ್ತು. ಎರಡೇ ಸೀಟಿನದು, ಓಟದ ಜಾತಿಯದು, ಹಳೆಯದು. ಅದರ ಹೊಟ್ಟೆ ನೆಲದಿಂದ ಗೇಣು ಮೇಲಿತ್ತೋ ಇಲ್ಲವೋ. ಹೊಲದ ದಾರಿಯಲ್ಲಿ ಒಂದು ಹೆಂಟೆ ಎದುರಾದರೆ ಹೆಂಟೆಯೇ ಗೆಲ್ಲುತ್ತಿತ್ತು. ಆದ್ದರಿಂದ ಡಾಕ್ಟರು ಕರು ಹಾಕಿಸಲು, ಗೊರಸು ನೋಡಲು, ಸೂಜಿ ಚುಚ್ಚಲು ಹೋಗುತ್ತಿದ್ದುದೆಲ್ಲ ಬೈಕಿನಲ್ಲಿ. ಕಾರು ಶೆಡ್ಡಿನಲ್ಲಿ ನಿಂತು, ನಿಂತಲ್ಲೇ ವೇಗವಾಗಿ ಕಾಣುವ ಕೆಲಸವನ್ನು ನಿಷ್ಠೆಯಿಂದ ಮಾಡಿಕೊಂಡಿತ್ತು. ಸೋಮವಾರ ಮಾತ್ರ ಡಾಂಬರು ರಸ್ತೆ ಹಿಡಿದು ಪೇಟೆಗೆ ಹೋಗಿ ಔಷಧಿ ಪೆಟ್ಟಿಗೆ ತರುತ್ತಿತ್ತು. ಪೆಟ್ಟಿಗೆ ಸ್ವಲ್ಪ ದೊಡ್ಡದಾದರೆ ಮಾರನೆಯ ದಿನ ಅದನ್ನು ತರಲು ಬೈಕೇ ಹೋಗಬೇಕಿತ್ತು.

ಡಾಕ್ಟರು ಅದಕ್ಕೆ ಕೆಂಪಿ ಎಂದು ಹೆಸರಿಟ್ಟಿದ್ದರು. ಅದು ನಿಂತಿದ್ದ ಶೆಡ್ಡು ಮೊದಲು ದನ ನೋಡುವುದಕ್ಕೆಂದು ಕಟ್ಟಿಸಿದ್ದು. ಸಿಮೆಂಟಿನ ನೆಲ, ಸೋರದ ಮಾಡು, ಮೂಡಣಕ್ಕೆ ಗೋಡೆಯಗಲದ ಕಿಟಕಿ. ಕೆಂಪಿ ಬಂದ ಮೇಲೆ ದನಗಳನ್ನು ಅಂಗಳದ ಮರಕ್ಕೆ ಕಟ್ಟಿ ನೋಡುವುದಾಯಿತು. ಮಳೆ ಬಂದರೆ ದನ ನೆನೆಯುತ್ತಿತ್ತು, ದನದವರು ನೆನೆಯುತ್ತಿದ್ದರು, ಡಾಕ್ಟರೂ ನೆನೆಯುತ್ತಿದ್ದರು. ಕೆಂಪಿ ನೆನೆಯುತ್ತಿರಲಿಲ್ಲ.

ಆ ಶೆಡ್ಡಿನ ಮೇಲೆ ಡಾಕ್ಟರ ಹೆಂಡತಿಯ ಕಣ್ಣಿತ್ತು. ಆಕೆಯನ್ನು ಊರು ಟೈಲರಮ್ಮ ಎನ್ನುತ್ತಿತ್ತು. ಆಕೆಯೂ ಆಕೆಯ ಜೊತೆ ಹೊಲಿಯುವ ಹೆಂಗಸರೂ ನಡುಮನೆಯಲ್ಲಿ ಯಂತ್ರಗಳನ್ನು ಒಂದಕ್ಕೊಂದು ಒತ್ತಿಟ್ಟುಕೊಂಡು ಕೂರುತ್ತಿದ್ದರು. ಬಟ್ಟೆ ಕತ್ತರಿಸುವುದು ಊಟದ ಮೇಜಿನ ಮೇಲೆ. ತಟ್ಟೆಯಲ್ಲಿ ದಾರ ಸಿಗುವುದು, ಹಾಸಿಗೆಯಲ್ಲಿ ಗುಂಡಿ ಸಿಗುವುದು, ಕಾಲಿಗೆ ಗುಂಡುಪಿನ್ನು ಸಿಗುವುದು ಆ ಮನೆಯಲ್ಲಿ ಯಾರಿಗೂ ಸುದ್ದಿಯಲ್ಲ. ಈಗ ಪೇಟೆಯ ಶಾಲೆಯವರು ಎಲ್ಲ ಮಕ್ಕಳ ಸಮವಸ್ತ್ರ ಹೊಲಿದುಕೊಡುತ್ತೀರಾ ಎಂದು ಕೇಳಿದ್ದರು. ತಾನುಗಟ್ಟಲೆ ಬಟ್ಟೆ ಹರಡಲು ಉದ್ದದ ಮೇಜು ಬೇಕು. ನಡುಮನೆಯಲ್ಲಿ ಉದ್ದದ ಮೇಜು ಹಾಕಿದರೆ ಮನೆಯವರೆಲ್ಲ ಅದರ ಕೆಳಗೆ ಸಂಸಾರ ಮಾಡಬೇಕು. ಶೆಡ್ಡು ಸಿಕ್ಕರೆ ಒಪ್ಪುವುದು, ಇಲ್ಲದಿದ್ದರೆ ಕೈಮುಗಿದು ಬರುವುದು. ಶಾಲೆಯವರು ಉತ್ತರಕ್ಕೆ ಕಾಯುತ್ತಿದ್ದರು.

ಈ ಹೊತ್ತಿನಲ್ಲಿ ಕೆಂಪಿಗೆ ಕಾಯಿಲೆ ಬಂತು.

ಸೋಮವಾರ ಪೇಟೆಯ ದಾರಿಯಲ್ಲಿ ಮುಂದಿನ ಫಲಕದ ಮೇಲೆ ಎಂಜಿನ್ ಆಕಾರದ ಹಳದಿ ದೀಪ ಹತ್ತಿತು. ಡಾಕ್ಟರು ಕಾರು ನಿಲ್ಲಿಸಿ, ದೀಪದ ಮೇಲೆ ಬೆರಳಿನಿಂದ ತಟ್ಟಿದರು. ದೀಪ ಹೆದರಲಿಲ್ಲ. ಮನೆಗೆ ಬಂದು ಮೇಸ್ತ್ರಿಗೆ ಹೇಳಿಕಳಿಸಿದರು. ಮೇಸ್ತ್ರಿ ಟ್ರಾಕ್ಟರು, ಪಂಪುಸೆಟ್ಟು, ಕಾರು ಎಂದು ಭೇದ ಮಾಡದೆ ಎಲ್ಲಕ್ಕೂ ಕೈಹಾಕುವವನು. ಅವನು ಕಾರಿನೊಳಗೆ ಬಗ್ಗಿ, ಅಂಗೈಯಗಲದ ಒಂದು ಯಂತ್ರದ ತಂತಿ ಸಿಕ್ಕಿಸಿ, ಅದರಲ್ಲಿ ಮೂಡಿದ ಅಂಕೆಗಳನ್ನು ಓದಿದ.

"ಸೊನ್ನೆ ಒಂದು ಏಳು ಒಂದು. ಮಿಶ್ರಣ ತೆಳು ಆಗಿದೆ, ಡಾಕ್ಟ್ರೇ. ಪೆಟ್ರೋಲಿಗಿಂತ ಗಾಳಿ ಜಾಸ್ತಿ."

"ಗಾಳಿ ಎಲ್ಲಿಂದ ಬಂತಯ್ಯಾ ಜಾಸ್ತಿ?"

"ಗಾಳಿ ಬರೋಕೆ ಒಂದು ಮುಂಬಾಗಿಲು ಅಂತ ಇರುತ್ತೆ. ಅಲ್ಲಿ ಕೂತಿರೋ ಸೆನ್ಸರು ಲೆಕ್ಕ ಹಾಕುತ್ತೆ. ಇಷ್ಟು ಗಾಳಿ ಬಂತು, ಇಷ್ಟು ಪೆಟ್ರೋಲ್ ಬಿಡು ಅಂತ. ನಿಮ್ ಗಾಡೀಲಿ ಇನ್ನೆಲ್ಲಿಂದಲೋ ಕಳ್ಳಗಾಳಿ ನುಗ್ತಾ ಇದೆ. ಎಂಜಿನ್ ಉಸಿರು ಎಳ್ಕೊಳ್ಳುವಾಗ ಎಲ್ಲಿ ಸಂದಿ ಇದ್ರೂ ಸಾಕು. ಅದು ಲೆಕ್ಕಕ್ಕೆ ಸಿಕ್ತಿಲ್ಲ. ಹೊಗೆಕೊಳವೇಲಿ ಇನ್ನೊಂದು ಸೆನ್ಸರ್ ಇದೆಯಲ್ಲ, ಅದು ಮೂಸಿ ನೋಡಿ ದೂರು ಹೇಳ್ತಾ ಇದೆ."

ಜಗಲಿಯ ಮೇಲೆ ಬೆತ್ತದ ಕುರ್ಚಿಯಲ್ಲಿ ಡಾಕ್ಟರ ತಾಯಿ ಕೂತಿದ್ದಳು. ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ಅದು ಆ ಮನೆಯವರ ದೊಡ್ಡ ತೊಂದರೆ. "ನಮ್ಮನೆ ಅಡುಗೆ ಹಾಗೆ ಅನ್ನಪ್ಪ," ಎಂದಳು. "ಇವಳು ಇದ್ದವರ ಲೆಕ್ಕ ಹಾಕಿ ಮಾಡಿರ್ತಾಳೆ. ಹಿತ್ತಲ ಬಾಗಿಲಿಂದ ಇವನ ಗೆಳೆಯರು ಬಂದು ಕೂತಿರ್ತಾರೆ."

"ಅಮ್ಮಾ, ನೀನು ಸುಮ್ನಿರು. ತೆಳು ಅಂದ್ರೆ ಬಡಕಲು. ಬಡಕಲಾದ ಜೀವಕ್ಕೆ ಏನು ಕೊಡ್ಬೇಕು ಅಂತ ನನಗೆ ಯಾರೂ ಹೇಳ್ಕೊಡೋದು ಬೇಡ."

ಡಾಕ್ಟರು ತಮ್ಮ ಕೆಲಸದಲ್ಲಿ ಒಳ್ಳೆಯವರೇ. ಕಿವಿ ಮುಟ್ಟಿ ಜ್ವರ ಹೇಳುವವರು, ಸಗಣಿ ನೋಡಿ ಹೊಟ್ಟೆ ಹೇಳುವವರು. ಬಾಯಿಲ್ಲದ ದನ ಹೇಳಿದ್ದನ್ನೆಲ್ಲ ನಂಬುವ ಈ ಮನುಷ್ಯ, ಬಾಯಿಬಿಟ್ಟು ಅಂಕೆ ಸಮೇತ ಹೇಳುವ ಕಾರನ್ನು ಮಾತ್ರ ನಂಬಲಿಲ್ಲ. ಕೆಂಪಿಗೆ ಟಾನಿಕ್ಕು ಶುರುವಾಯಿತು. ಪೇಟೆಯಿಂದ ಬಣ್ಣಬಣ್ಣದ ಬಾಟಲಿಗಳು ಬಂದವು. ಪೆಟ್ರೋಲಿಗೆ ಬೆರೆಸುವುದೊಂದು, ಕೊಳವೆ ತೊಳೆಯುವುದೊಂದು, ಏನು ಮಾಡುತ್ತದೆಂದು ಬಾಟಲಿಯ ಮೇಲೂ ಬರೆಯದಿದ್ದುದು ಇನ್ನೊಂದು. ಕೆಂಪಿ ಎಲ್ಲವನ್ನೂ ಕುಡಿಯಿತು. ದೀಪ ಆರಲಿಲ್ಲ.

ಆಗ ಡಾಕ್ಟರಿಗೆ ದೂರು ಹೇಳುವ ಸೆನ್ಸರಿನ ಮೇಲೆಯೇ ಅನುಮಾನ ಬಂತು. ಇದು ಅವರ ಹಳೆಯ ಪದ್ಧತಿ. ಗೋಡೆ ಓರೆಯಾಗಿದೆ ಎಂದ ಗಾರೆಯವನನ್ನು ಬದಲಾಯಿಸಿದ್ದರು. ತೂಕ ಹೆಚ್ಚು ತೋರಿಸಿದ ತಕ್ಕಡಿಯನ್ನು ಬದಲಾಯಿಸಿದ್ದರು. ಈಗ ಹೊಗೆಕೊಳವೆಯ ಸೆನ್ಸರನ್ನು ಬದಲಾಯಿಸಲು ಹೇಳಿದರು. ಕಳ್ಳಗಾಳಿಯ ಮಾತನ್ನು ಒಮ್ಮೆ ಆಡಿ ಬೈಸಿಕೊಂಡಿದ್ದ ಮೇಸ್ತ್ರಿ ಎರಡನೆಯ ಸಲ ಆಡುವಷ್ಟು ದಡ್ಡನಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಿರಾಕಿ ಸಿಕ್ಕಾಗ ಹಗ್ಗ ಮಾರುವವನಿಗೆ ಏನು ನಷ್ಟ? ಹೊಸ ಸೆನ್ಸರ್ ಹಾಕಿ, ಯಂತ್ರದಿಂದ ಹಳೆಯ ದೂರು ಅಳಿಸಿ, ದೀಪ ಆರಿಸಿ ಕೊಟ್ಟ. ಡಾಕ್ಟರು ಮನೆಯವರನ್ನೆಲ್ಲ ಕರೆದು, ಆರಿದ ದೀಪವನ್ನು ತೋರಿಸಿದರು. ಆರಿದ ದೀಪದಲ್ಲಿ ನೋಡುವುದಕ್ಕೆ ಏನೂ ಇರುವುದಿಲ್ಲ; ಆದರೂ ಎಲ್ಲರೂ ನೋಡಿದರು.

ಮುಂದಿನ ಸೋಮವಾರ ಅದು ಮತ್ತೆ ಹತ್ತಿತು.

ಹಳೆಯ ಗಾಡಿಗಳ ವರ್ಷದ ತಪಾಸಣೆ ಹತ್ತಿರ ಬಂದಿತ್ತು. ದೀಪ ಹೊತ್ತುಕೊಂಡು ಹೋದ ಗಾಡಿಗೆ ಅಲ್ಲಿ ಮೊಹರು ಬೀಳುವುದಿಲ್ಲ. ಟೈಲರಮ್ಮ ಊಟದ ಮೇಜಿನ ಮೇಲೆ ಹರಡಿದ್ದ ಬಟ್ಟೆಯನ್ನು ಸರಿಸದೆಯೇ ಗಂಡನಿಗೆ ತಟ್ಟೆ ಇಟ್ಟು ಕೇಳಿದಳು: "ರೀ, ಓಡದಿರೋ ಗಾಡಿಗೆ ಸೂರು, ಓಡೋ ಯಂತ್ರಕ್ಕೆ ಜಾಗ ಇಲ್ಲ. ಇದು ಎಲ್ಲೀ ನ್ಯಾಯ?"

"ಓಡಲ್ವಾ ಕೆಂಪಿ? ಈ ಸಲದ ತಪಾಸಣೇಲಿ ಪಾಸಾಗದೇ ಇದ್ರೆ ಶೆಡ್ಡು ನಿಂದು. ಅವತ್ತೇ ಖಾಲಿ ಮಾಡ್ತೀನಿ."

"ಪಾಸಾದ್ರೆ?"

"ಪಾಸಾದ್ರೆ ಶೆಡ್ಡಿನ ಮಾತು ಈ ಮನೇಲಿ ಇನ್ನೊಂದ್ಸಲ ಏಳ್ಬಾರದು. ಸಮವಸ್ತ್ರ ಬೇಡ ಅಂತ ಹೇಳಿ ಬಾ."

"ಅತ್ತೆ, ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಳ್ದೆ ಏನು," ಎಂದಳು ಮುದುಕಿ. ಆದರೆ ಆ ದಿನ ಅವಳು ಎಂದಿನಂತೆ ನಗಲಿಲ್ಲ.

ಭಾನುವಾರ ಆ ಮನೆಗೆ ಜನ ಬರುತ್ತಿದ್ದರು. ಯಾವುದೋ ಎಮ್ಮೆಯ ನೆಪ, ಯಾವುದೋ ಸಂಬಂಧದ ನೆಪ. ಬಂದವರು ಕೈಕಾಲು ತೊಳೆಯುವ ಮೊದಲೇ ಡಾಕ್ಟರು ಅವರನ್ನು ಶೆಡ್ಡಿಗೆ ಕರೆದೊಯ್ಯುತ್ತಿದ್ದರು. ಬಾನೆಟ್ ಎತ್ತಿ, ಎಂಜಿನ್ನಿನ ಪಕ್ಕದ ಕೊಳವೆಯಿಂದ ಎಣ್ಣೆಯ ಮಟ್ಟ ನೋಡುವ ಉದ್ದನೆಯ ಕಡ್ಡಿಯನ್ನು ಸರಕ್ಕನೆ ಎಳೆಯುತ್ತಿದ್ದರು. "ನೋಡಿ! ಇಷ್ಟು ಹಳೇ ಗಾಡೀಲಿ ಇಂಥ ಆಯಿಲ್ ನೋಡಿದೀರಾ? ಜೇನುತುಪ್ಪ, ಜೇನುತುಪ್ಪ! ಮುಟ್ಟಿ ನೋಡಿ." ಬಂದವರು ಮುಟ್ಟುತ್ತಿದ್ದರು. ಮೂಸಿಯೂ ನೋಡುತ್ತಿದ್ದರು, ಏಕೆಂದರೆ ಡಾಕ್ಟರು ಮೂಸಲು ಹೇಳುತ್ತಿದ್ದರು. ಆಮೇಲೆ ಕಡ್ಡಿಯನ್ನು ತಿರುಚಿ ಒಳಗೆ ತುರುಕಿ, ಇನ್ನೊಬ್ಬರು ಬಂದರೆ ಮತ್ತೆ ಎಳೆದು, ಮತ್ತೆ ತುರುಕಿ, ಸಂಜೆಯಾಗುವಷ್ಟರಲ್ಲಿ ಆ ಕಡ್ಡಿ ಊರ ಬಾವಿಯ ಕೊಡಕ್ಕಿಂತ ಹೆಚ್ಚು ಸಲ ಮೇಲೆ ಕೆಳಗೆ ಆಗಿರುತ್ತಿತ್ತು.

ಜಗಲಿಯ ಕುರ್ಚಿಯಿಂದ ಶೆಡ್ಡಿನ ಬಾಗಿಲು ನೇರಕ್ಕೆ ಕಾಣುತ್ತಿತ್ತು. ಮುದುಕಿಗೆ ಎಂಜಿನ್ನಿನ ಗಂಧಗಾಳಿ ಗೊತ್ತಿರಲಿಲ್ಲ. ಗೊತ್ತಿದ್ದುದು ಇಷ್ಟೇ: ಭಾನುವಾರ ಕಡ್ಡಿ, ಸೋಮವಾರ ದೀಪ. ಭಾನುವಾರ ಮಗ ಜ್ವರದಿಂದ ಮಲಗಿ ಯಾರಿಗೂ ಏನೂ ತೋರಿಸದಿದ್ದ ವಾರ, ಸೋಮವಾರ ಪೇಟೆಗೆ ಹೋಗಿಬಂದರೂ ದೀಪ ಹತ್ತಿರಲಿಲ್ಲ. ಮೊನ್ನೆ ಬಂದಿದ್ದ ಒಬ್ಬ ನೆಂಟ ಮುಟ್ಟಿನೋಡಿದ ಕೈಯನ್ನು ಜಗಲಿಯ ಕಂಬಕ್ಕೆ ಒರೆಸಿಹೋಗಿದ್ದ. ಎಣ್ಣೆಯ ಜೊತೆ ಕಂಬಕ್ಕೆ ಒಂದು ಕರಿಯ ಚೂರು ಅಂಟಿಕೊಂಡಿತ್ತು. ಒಣಗಿ ಬಿರುಕುಬಿಟ್ಟ ರಬ್ಬರಿನ ಚೂರು. ಮುದುಕಿ ಅದನ್ನು ಉಗುರಿನಿಂದ ಕೆರೆದು ಕನ್ನಡಕದ ಡಬ್ಬಿಯಲ್ಲಿ ಹಾಕಿಟ್ಟುಕೊಂಡಳು.

ಮಗನಿಗೆ ಹೇಳಿದಳು. "ಆ ಕಡ್ಡಿ ಬುಡದಲ್ಲಿ ರಬ್ಬರ್ ಉಂಗುರ ಏನಾದ್ರೂ ಇದೆಯೇನೋ? ನೀನು ಎಳೆದೂ ಎಳೆದೂ ಸವೆದುಹೋಗಿರ್ಬೇಕು. ಅಲ್ಲಿಂದ ಗಾಳಿ ಒಳಗೆ ಹೋಗ್ತಿದೆ ಕಣೋ."

ಡಾಕ್ಟರು ಬಹಳ ಹೊತ್ತು ನಕ್ಕರು. "ಅಮ್ಮಾ, ಅದು ಎಣ್ಣೆ ನೋಡೋ ಕಡ್ಡಿ. ಗಾಳಿ ನೋಡೋ ಕಡ್ಡಿ ಅಲ್ಲ." ಆ ವಾರ ಅವರು ಇನ್ನೊಂದು ಸೆನ್ಸರ್ ಹಾಕಿಸಿದರು.

ತಪಾಸಣೆಗೆ ಮುಂಚಿನ ವಾರ ವಿಚಿತ್ರವಾಯಿತು. ಭಾನುವಾರ ಜನ ಬರಲಿಲ್ಲ. ಎಲ್ಲರೂ ಒಂದಲ್ಲ ಒಂದು ಸಲ ಮೂಸಿ ಮುಗಿಸಿದ್ದರು. ಸೋಮವಾರ ದೀಪ ಹತ್ತಲಿಲ್ಲ. ಬುಧವಾರ ಶೆಡ್ಡಿನಲ್ಲೇ ಚಾಲೂ ಮಾಡಿ ನೋಡಿದರು, ಆಗಲೂ ಹತ್ತಲಿಲ್ಲ. ಕೆಂಪಿ ನಿಂತಲ್ಲಿ ನಡುಗುವುದನ್ನು ಬಿಟ್ಟು ಬೆಕ್ಕಿನಂತೆ ಗುರುಗುಟ್ಟಿತು. ಡಾಕ್ಟರು ಮೀಸೆ ತಿರುವುತ್ತ, "ಕೊನೇ ಸೆನ್ಸರ್ ನೋಡು, ಅದು ಅಸಲಿ," ಎಂದು ಹೆಂಡತಿಗೆ ಕೇಳುವಂತೆ ಗೋಡೆಗೆ ಹೇಳಿದರು.

ಟೈಲರಮ್ಮನಿಗೆ ಕೋಪ ಬಂದದ್ದು ಅದಕ್ಕಲ್ಲ. ಅವಳ ಯಂತ್ರದ ಬಾಬಿನ್‌ಗೆ ದಾರ ಸುತ್ತಿಕೊಳ್ಳುತ್ತಿರಲಿಲ್ಲ. ಬಗ್ಗಿ ನೋಡಿದರೆ, ಸುತ್ತುವ ಪುಟ್ಟ ಚಕ್ರಕ್ಕೆ ಇರಬೇಕಾದ ರಬ್ಬರ್ ಉಂಗುರವೇ ಇಲ್ಲ. ಹೊಲಿಯುವ ಹೆಂಗಸರನ್ನು ಕೇಳಿದಳು, ಗುಡಿಸಿದ ಕಸ ಕೆದಕಿದಳು. ಕೊನೆಗೆ ಅವಳಿಗೆ ಅತ್ತೆ ಮಗನಿಗೆ ಹೇಳಿದ್ದ ರಬ್ಬರ್ ಉಂಗುರದ ಮಾತು ನೆನಪಾಗಿ, ಕೈಯಲ್ಲಿದ್ದ ಕತ್ತರಿ ಇಟ್ಟು, ಶೆಡ್ಡಿಗೆ ಹೋಗಿ ಬಾನೆಟ್ ಎತ್ತಿದಳು. ಕಡ್ಡಿಯ ಹಿಡಿಯ ಕೆಳಗೆ, ಕೊಳವೆಯ ಬಾಯಿಗೆ ಸರಿಯಾಗಿ ಒತ್ತಿಕೊಂಡು, ಅವಳ ಉಂಗುರ ಕೂತಿತ್ತು. ಅಳತೆ ತೆಗೆದು ಹೊಲಿಸಿದ ಹಾಗೆ.

ಎರಡು ಬೆರಳಿನ ಕೆಲಸ. ಎಳೆದು ತೆಗೆದರೆ ತನ್ನದೇ ವಸ್ತು ತಾನು ತೆಗೆದುಕೊಂಡ ಹಾಗೆ, ಕಳ್ಳತನವೂ ಅಲ್ಲ. ದೀಪ ಹತ್ತುತ್ತದೆ, ಶೆಡ್ಡು ಸಿಗುತ್ತದೆ, ಕಿಟಕಿಯ ಕೆಳಗೆ ಉದ್ದದ ಮೇಜು ಬರುತ್ತದೆ. ಅವಳು ಕಡ್ಡಿಯನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಿಟ್ಟು, ಬಾನೆಟ್ ಇಳಿಸಿ, ನೇರ ಜಗಲಿಗೆ ಬಂದಳು.

"ಅತ್ತೆ, ನನ್ನ ಯಂತ್ರದ ಉಂಗುರ ಎಲ್ಲಿ?"

"ನನ್ನೇನು ಕೇಳ್ತೀಯ? ನಾನೇನು ಹೊಲೀತೀನಾ?"

"ಹೊಲಿಯಲ್ಲ. ಕೆಂಪಿಗೆ ಉಂಗುರ ತೊಡಿಸಿ ಬಂದಿದೀರಿ."

ಮುದುಕಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದಳು. ಒರೆಸುವುದು ಮುಗಿಯುವ ಹಾಗೆ ಕಾಣಲಿಲ್ಲ.

"ಮಗನ ಕಾರು ಪಾಸಾಗ್ಲಿ ಅಂತಾನಾ?"

"ಅವನ ಕಾರು ಕಟ್ಕೊಂಡು ನನಗೇನು! ಅದು ಹಾಳಾಗಿಹೋಗ್ಲಿ." ಮುದುಕಿಯ ದನಿ ಸಣ್ಣದಾಯಿತು. "ನೀವೆಲ್ಲ ಶೆಡ್ಡಿಗೆ ಹೋಗ್ಬಿಟ್ರೆ ನಡುಮನೇಲಿ ಯಾರಿರ್ತಾರೆ? ಬೆಳಗಾದ್ರೆ ನಿಮ್ ಹೆಂಗಸರು ಬರ್ತಾರೆ, ಊರಿನ ಸುದ್ದಿಯೆಲ್ಲ ಬರುತ್ತೆ. ಯಂತ್ರದ ಸದ್ದು ಕೇಳ್ತಾ ಕೂತ್ರೆ ಹೊತ್ತು ಹೋಗಿದ್ದೇ ತಿಳಿಯಲ್ಲ. ಆಮೇಲೆ ನಾನು ಗೋಡೆ ಜೊತೆ ಮಾತಾಡ್ಲಾ? ಅದೂ ಓರೆ ಗೋಡೆ."

ಟೈಲರಮ್ಮನಿಗೆ ನಗು ಬಂತು, ನಗಲಿಲ್ಲ. "ಶೆಡ್ಡೇನು ಚಂದ್ರಲೋಕದಲ್ಲಿದೆಯಾ ಅತ್ತೆ? ಕಿಟಕಿ ಪಕ್ಕ ನಿಮ್ ಕುರ್ಚಿಗೆ ಅಂತಲೇ ಜಾಗ ನೋಡಿಟ್ಟಿದ್ದೆ."

"ನನ್ನ ಕುರ್ಚಿಗಾ?"

"ಇನ್ಯಾರ ಕುರ್ಚಿಗೆ?"

"ಮೊದಲೇ ಹೇಳ್ಬಾರದಾ? ಮೊಣಕಾಲು ನೋವು ಇಟ್ಕೊಂಡು ಆ ಬಾನೆಟ್ಟು ಎತ್ತಿದೀನಿ ನಾನು!" ಎಂದು ಮುದುಕಿ ಕನ್ನಡಕ ಹಾಕಿಕೊಂಡಳು. ಶೆಡ್ಡಿನ ಕಡೆ ನೋಡಿದಳು. ಸೊಸೆಯೂ ನೋಡಿದಳು. ಇಬ್ಬರ ಮನಸ್ಸಿನಲ್ಲಿಯೂ ಓಡಿದ್ದು ಒಂದೇ.

"ಬೇಡ," ಎಂದಳು ಟೈಲರಮ್ಮ ಕೊನೆಗೆ. "ಬೇರೆಯವರ ಹೊಲಿಗೆ ಬಿಚ್ಚಿ ನಾನು ಇದುವರೆಗೂ ಗಿರಾಕಿ ಸಂಪಾದಿಸಿಲ್ಲ. ಪಾಸಾದ್ರೆ ಆಗ್ಲಿ. ಶಾಲೆಯವರಿಗೆ ಆಗಲ್ಲ ಅಂತ ಹೇಳಿ ಬರ್ತೀನಿ."

"ನೀನು ಮುಟ್ಬೇಡ. ನಾನೂ ಮುಟ್ಟಲ್ಲ," ಎಂದಳು ಮುದುಕಿ. ತನ್ನಷ್ಟಕ್ಕೆ ಎಂಬಂತೆ ಸೇರಿಸಿದಳು: "ಹೆತ್ತವಳು ನಾನು. ಅವನ ಕೈ ನನಗೆ ಗೊತ್ತು."

ತಪಾಸಣೆಯ ಬೆಳಿಗ್ಗೆ ಟೈಲರಮ್ಮ ಪಕ್ಕದ ಸೀಟಿನಲ್ಲಿ ಕೂತಳು. ಶಾಲೆಗೆ ಅಂದೇ ಉತ್ತರ ಕೊಡಬೇಕಿತ್ತು. ತಪಾಸಣೆ ಮುಗಿದ ಮೇಲೆ ಹೌದೋ ಅಲ್ಲವೋ ಹೇಳಿ ಬರುವುದೆಂದು ಹೊರಟಿದ್ದಳು. ದಾರಿಯಲ್ಲಿ ಅವಳಿಗೆ ತಡೆಯಲಾಗಲಿಲ್ಲ.

"ರೀ, ಒಂದು ಮಾತು. ಇವತ್ತೊಂದು ದಿನ ಆ ಆಯಿಲ್ ಕಡ್ಡಿ ಮುಟ್ಬೇಡಿ. ಹೇಗಿದೆಯೋ ಹಾಗೇ ಇರ್ಲಿ."

ಡಾಕ್ಟರು ಅವಳ ಕಡೆ ಓರೆನೋಟ ಬೀರಿದರು. ಪಂದ್ಯದ ಎದುರು ಪಕ್ಷದವರು ಕೊಡುವ ಬುದ್ಧಿವಾದಕ್ಕೆ ಎಷ್ಟು ಬೆಲೆ ಕೊಡಬೇಕೆಂದು ತಿಳಿಯದಷ್ಟು ಹಸುಗೂಸು ಅವರಲ್ಲ. "ಯಾಕೆ? ಮುಟ್ಟಿದ್ರೆ ನಿನಗೇನು ತೊಂದ್ರೆ?"

"ನನಗೇನೂ ಇಲ್ಲ. ಮುಟ್ಟಿದ್ರೆ ನನಗೆ ಲಾಭವೇ."

"ಅದಕ್ಕೇ ಬೇಡ ಅಂತಿದೀಯಾ? ಗಂಡನ ಮೇಲೆ ಅಷ್ಟೊಂದು ಪ್ರೀತಿ ಯಾವಾಗಿಂದ?"

ಹೇಳುವುದು ಹೇಳಿಯಾಗಿತ್ತು. ಟೈಲರಮ್ಮ ಕಿಟಕಿಯ ಕಡೆ ತಿರುಗಿ, ಹೆಂಟೆಗಳನ್ನು ಎಣಿಸುವವಳಂತೆ ಹೊಲ ನೋಡತೊಡಗಿದಳು.

ತಪಾಸಣೆಯ ಬಯಲಿನಲ್ಲಿ ಹಾಲಿನ ವ್ಯಾನು, ಇಟ್ಟಿಗೆ ಲಾರಿ, ಮುದಿ ಜೀಪುಗಳು ಸಾಲು ನಿಂತಿದ್ದವು. ಟೋಪಿ ಹಾಕಿಕೊಂಡ ತಪಾಸಣೆಯವನು ಕೆಂಪಿಗೆ ತಂತಿ ಸಿಕ್ಕಿಸಿ ನೋಡಿ ತಲೆಯಾಡಿಸಿದ. "ಏನೂ ದೂರಿಲ್ಲ. ಇನ್ನು ಹೊಗೆ ಒಂದು ನೋಡೋದು. ಆ ಲಾರಿ ಮುಗಿಸಿ ಬರ್ತೀನಿ, ಎಂಜಿನ್ ಆರಿಸ್ಬೇಡಿ, ಬಿಸಿಯಾಗಿರ್ಲಿ."

ಡಾಕ್ಟರು ಹೆಂಡತಿಯನ್ನು ನೋಡಿದರು. ಹೆಂಡತಿ ಶಾಲೆಯವರಿಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದಳು. ಎಲ್ಲವೂ ಅಲ್ಲಿಗೇ ಮುಗಿಯಬೇಕಿತ್ತು. ಅಷ್ಟರಲ್ಲಿ ಹಾಲಿನ ವ್ಯಾನಿನವನು ಹತ್ತಿರ ಬಂದು, ಕೆಂಪಿಯ ಸುತ್ತ ಒಂದು ಸುತ್ತು ಹಾಕಿ, "ಚೆನ್ನಾಗಿದೆ ಸಾರ್. ಆದ್ರೆ ಹಳೇದು. ಒಳಗೆಲ್ಲ ಸವೆದು ಲೊಡ್ಡಾಗಿರುತ್ತೆ, ಅಲ್ವಾ?" ಎಂದ.

ಡಾಕ್ಟರಿಗೆ ಏನು ಬೇಕಾದರೂ ಅನ್ನಬಹುದಿತ್ತು. ಕೆಂಪಿಯ ಒಳಗನ್ನು ಅನ್ನುವ ಹಾಗಿರಲಿಲ್ಲ. ಎಂಜಿನ್ ಆರಿಸಿದರು. ಬಾನೆಟ್ ಎತ್ತಿದರು. "ಬಾರಯ್ಯಾ ಇಲ್ಲಿ. ಲೊಡ್ಡು ಅಂದ್ಯಲ್ಲ, ನೋಡು."

"ರೀ," ಎಂದಳು ಟೈಲರಮ್ಮ.

ಕಡ್ಡಿ ಎಂದಿನಂತೆ ಸರಕ್ಕನೆ ಬರಲಿಲ್ಲ, ಬಿಗಿಯಾಗಿತ್ತು. ಡಾಕ್ಟರು ಜಗ್ಗಿ ಎಳೆದರು. "ಜೇನುತುಪ್ಪ!" ಎಂದರು. ವ್ಯಾನಿನವನು ಮುಟ್ಟಿದ, ಮೂಸಿದ, ಒಪ್ಪಿಕೊಂಡ. ಆಗ ಡಾಕ್ಟರ ಕಣ್ಣು ಹಿಡಿಯ ಬುಡಕ್ಕೆ ಹೋಯಿತು.

"ಇದೇನಿದು? ಈ ದರಿದ್ರ ರಬ್ಬರ್ ಯಾರು ಹಾಕಿದ್ದು? ಇದು ಕಂಪನಿ ಮಾಲಲ್ಲ."

"ಇರ್ಲಿ ಬಿಡ್ರೀ. ಅದರ ಪಾಡಿಗೆ ಅದು ಕೂತಿದೆ."

"ಆ ಮೇಸ್ತ್ರಿ ಕೆಲಸ! ಅಸಲಿ ಗಾಡಿಗೆ ಕಚಡಾ ಸಾಮಾನು ಹಾಕ್ತಾನೆ!" ಎಂದು ಡಾಕ್ಟರು ಉಂಗುರವನ್ನು ಕಿತ್ತು ಬಿಸುಟರು. ಅದು ಪುಟಿದು, ಉರುಳಿ, ಟೈಲರಮ್ಮನ ಚಪ್ಪಲಿಗೆ ತಾಗಿ ನಿಂತಿತು. ಅವಳು ಬಗ್ಗಿ ಎತ್ತಿಕೊಂಡು, ಒರೆಸಿ, ಕೈಚೀಲದಲ್ಲಿ ಹಾಕಿಕೊಂಡಳು. ಅದು ಅವಳಿಗೆ ಬೇಕಾಗಿತ್ತು. ಬಾಬಿನ್ ಎಷ್ಟೋ ದಿನದಿಂದ ಸುತ್ತಿರಲಿಲ್ಲ.

ಎಂಜಿನ್ ಮತ್ತೆ ಶುರುವಾದಾಗ ಕೆಂಪಿ ಚಳಿಜ್ವರ ಬಂದ ಕರುವಿನ ಹಾಗೆ ನಡುಗಿತು. ತಪಾಸಣೆಯವನು ಬಂದು ಹೊಗೆಕೊಳವೆಗೆ ನಳಿಗೆ ತೂರಿಸಿ ಅಂಕೆ ನೋಡಿದ, ಇನ್ನೊಮ್ಮೆ ನೋಡಿದ, ಮತ್ತೆ ತಂತಿ ಸಿಕ್ಕಿಸಿದ.

"ಈಗ ಸರಿಯಿತ್ತಲ್ಲ ಸ್ವಾಮೀ? ದೀಪ ಇನ್ನೂ ಹತ್ತಿಲ್ಲ, ಆದ್ರೆ ಒಳಗೆ ದೂರು ಬಿದ್ದಾಗಿದೆ. ಸೊನ್ನೆ ಒಂದು ಏಳು ಒಂದು. ಗಾಳಿ ಜಾಸ್ತಿ. ಮೊಹರು ಹಾಕೋಕಾಗಲ್ಲ."

ಡಾಕ್ಟರು ತಪಾಸಣೆಯವನನ್ನು ನೋಡಿದರು, ಅವನ ಕೈಯ ಯಂತ್ರವನ್ನು ನೋಡಿದರು. "ನಿಮ್ಮ ಮೆಷಿನ್ನೇ ಸರಿಯಿಲ್ಲ," ಎಂದರು. "ಬದಲಾಯಿಸಿ."

ಮನೆಗೆ ಬಂದಾಗ ಮುದುಕಿ ಜಗಲಿಯಲ್ಲೇ ಕೂತಿದ್ದಳು. ಸೊಸೆ ಕೈಚೀಲದಿಂದ ಉಂಗುರ ತೆಗೆದು ಅವಳ ಅಂಗೈಯಲ್ಲಿಟ್ಟಳು. ಮುದುಕಿ ಅದನ್ನು ತಿರುಗಿಸಿ ನೋಡಿ, "ಅವನೇನಾ?" ಎಂದಳು. "ಅವರೇ," ಎಂದಳು ಸೊಸೆ. ಡಾಕ್ಟರು ಮಾತಿಗೆ ತಪ್ಪುವವರಲ್ಲ, ಅದರಲ್ಲೂ ತಾಯಿ ಎದುರಿಗೆ ಕೂತಿರುವಾಗ. ಕತ್ತಲಾಗುವ ಮೊದಲೇ ಕೆಂಪಿಯನ್ನು ಮರದ ಕೆಳಗೆ ತಂದು ನಿಲ್ಲಿಸಿ, ಹುಲ್ಲಿನ ಬಣವೆಗೆಂದು ತಂದಿದ್ದ ಟಾರ್ಪಾಲು ಹೊದಿಸಿದರು.

ಈಗ ಶೆಡ್ಡಿನಲ್ಲಿ ಕಿಟಕಿಯ ಕೆಳಗೆ ಉದ್ದದ ಮೇಜಿದೆ. ಅದರ ಮೇಲೆ ನೀಲಿ ಬಟ್ಟೆಯ ತಾನುಗಳಿವೆ. ಬೆಳಕು ಚೆನ್ನಾಗಿ ಬರುವ ಮೂಲೆಯಲ್ಲಿ ಬೆತ್ತದ ಕುರ್ಚಿಯಿದೆ. ಹೊಲಿಯುವ ಹೆಂಗಸರು ತಂದ ಸುದ್ದಿಯೆಲ್ಲ ಮೊದಲು ಅಲ್ಲಿಗೆ ಹೋಗಿ, ತಿದ್ದುಪಡಿಯಾಗಿ, ಆಮೇಲೆ ಊರಿಗೆ ಹೋಗುತ್ತದೆ. ಟೈಲರಮ್ಮನ ಬಾಬಿನ್ ಚಕಚಕನೆ ಸುತ್ತುತ್ತದೆ, ದಾರಕ್ಕೆ ಮೊದಮೊದಲು ಸ್ವಲ್ಪ ಎಂಜಿನ್ ಆಯಿಲ್ ವಾಸನೆ ಇತ್ತು, ಅಷ್ಟೆ.

ಮೊನ್ನೆ ಭಾನುವಾರ ಮಳೆ ಬರುವ ಹಾಗಿತ್ತು. ಮರದ ಕೆಳಗಿನಿಂದ ಟಾರ್ಪಾಲು ಎತ್ತುವ ಸದ್ದು, ಬಾನೆಟ್ ತೆರೆಯುವ ಸದ್ದು ಕೇಳಿಸಿತು. "ನೋಡಿ! ಜೇನುತುಪ್ಪ!" ಎಂದು ಡಾಕ್ಟರ ದನಿ.

ಟೈಲರಮ್ಮ ಪೆಡಲು ನಿಲ್ಲಿಸಿದಳು. "ಅತ್ತೆ, ಪೇಟೆಯಿಂದ ಅಂಥದ್ದೇ ಇನ್ನೊಂದು ಉಂಗುರ ತಂದಿದೀನಿ. ಪಾಪ, ಹಾಕ್ಬಿಡ್ಲಾ?"

ಮುದುಕಿ ಕಿಟಕಿಯಿಂದಾಚೆ ಮಗನನ್ನು ನೋಡಿದಳು. ಅವನ ಕೈಯಲ್ಲಿ ಕಡ್ಡಿ ಹೊಳೆಯುತ್ತಿತ್ತು. ಸುತ್ತ ನಿಂತ ನಾಲ್ಕು ಜನ ಸರದಿಯಂತೆ ಬಗ್ಗಿ ಮೂಸುತ್ತಿದ್ದರು.

"ಸಮವಸ್ತ್ರ ಮುಗೀಲಿ," ಎಂದಳು. "ಆಮೇಲೆ ನೋಡೋಣ."